ಕೇಳದೆ ಕೊಟ್ಟ ಉತ್ತರ

ಒಬಾನ್, ದಕ್ಷಿಣ ಫ್ರಾನ್ಸ್
೨೭ ಡಿಸೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ಮೊರಾಗ್ ಅಕ್ಕನವರಿಗೆ,

ಹೇಗಿದ್ದೀರಿ? ಮೊಣಕಾಲು ಈಗ ಹೇಗಿದೆ? ಏಪ್ರಿಲ್ ಕೊನೆಯಲ್ಲಿ ನೀವು ಇಲ್ಲಿಗೆ ಬಂದಾಗ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಿರಿ. ನನ್ನ ಪಕ್ಕದಲ್ಲೇ ಒಂದು ಖಾಲಿ ಕುರ್ಚಿ ಇತ್ತು. ಕೂರಿ ಎಂದು ನಾನು ಹೇಳಲಿಲ್ಲ. ಇಷ್ಟು ತಿಂಗಳಲ್ಲಿ ಆ ಕುರ್ಚಿ ನನಗೆ ಎಷ್ಟು ಸಲ ನೆನಪಾಗಿದೆಯೋ ಲೆಕ್ಕವಿಲ್ಲ. ಡಂಡೀಯಲ್ಲಿ ಈಗ ಚಳಿ ಜೋರಿರಬೇಕು. ನದಿಯ ಕಡೆಯಿಂದ ಗಾಳಿ ಬೀಸಿದರೆ ಮೂಳೆಯೊಳಗೆ ಹೊಕ್ಕು ಕೂರುತ್ತದೆ ಎಂದು ನೀವೇ ಹೇಳಿದ್ದಿರಿ. ಮನೆಯನ್ನು ಬೆಚ್ಚಗಿಟ್ಟುಕೊಳ್ಳಿ.

ಅಕ್ಕ ಎಂದು ಬರೆದಿರುವುದನ್ನು ನೋಡಿ ನಿಮಗೆ ಗೊಂದಲವಾಗಿರುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವತ್ತು ಹಳೆಯ ಸೈನಿಕರ ಸಂಘದ ಪ್ರದರ್ಶನವನ್ನು ನಿಮಗೆ ತೋರಿಸಿದ, ಇಂಗ್ಲಿಷ್ ಬಲ್ಲ ಹೆಂಗಸು ನಾನು. ಹೆಸರು ಸೆವರೀನ್. ನಿಮ್ಮ ಕೈಯಲ್ಲಿದ್ದ ಫೋಟೋದಲ್ಲಿ ಮೂರು ವರ್ಷದ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಅಲೆಕ್ ಗಿಲ್ಮರ್ ನನಗೂ ಅಪ್ಪ. ಅವರು ಬದುಕಿದ್ದಾರೆ. ಈ ಎರಡು ವಾಕ್ಯಗಳನ್ನು ಅವತ್ತೇ ಹೇಳಬೇಕಿತ್ತು. ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಎಂಟು ತಿಂಗಳು ತೆಗೆದುಕೊಂಡೆ.

ನನ್ನ ಹೊಟ್ಟೆಪಾಡಿನ ಕೆಲಸ ಬೇರೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರಜೆಯ ದಿನಗಳಲ್ಲಿ, ಮತ್ತು ಪ್ರತಿ ವರ್ಷ ಏಪ್ರಿಲ್ ಮೂವತ್ತರಂದು ತಪ್ಪದೆ, ಸಂಘದ ಆ ಎರಡು ಕೋಣೆಗಳಲ್ಲಿ ನಿಂತು ಬಂದವರಿಗೆ ಲೀಜನ್ನಿನ, ಅಂದರೆ ಫ್ರಾನ್ಸಿನ ಪರವಾಗಿ ಹೋರಾಡುವ ಹೊರದೇಶದವರ ಪಡೆಯ, ಕಥೆ ಹೇಳುತ್ತೇನೆ. ಇಪ್ಪತ್ತು ವರ್ಷಗಳಿಂದ ಹೇಳಿ ಹೇಳಿ ಎಲ್ಲಿ ತಡೆಯಬೇಕು, ಎಲ್ಲಿ ಧ್ವನಿ ತಗ್ಗಿಸಬೇಕು ಎಂಬುದೆಲ್ಲ ರೂಢಿಯಾಗಿದೆ. ನಿಮಗೂ ಅದನ್ನೇ ಹೇಳಿದೆ. ಮೆಕ್ಸಿಕೋದ ಒಂದು ಹಳ್ಳಿಮನೆಯ ಅಂಗಳದಲ್ಲಿ ಅರುವತ್ತು ಚಿಲ್ಲರೆ ಜನ ಎರಡು ಸಾವಿರ ಜನರನ್ನು ದಿನವಿಡೀ ತಡೆದು ನಿಂತದ್ದು, ಅವರ ಕ್ಯಾಪ್ಟನ್ನನಿಗೆ ಒಂದು ಕೈ ಮರದ್ದಾಗಿದ್ದದ್ದು, ಅವನು ಸತ್ತ ಮೇಲೆ ಆ ಮರದ ಕೈ ಸಿಕ್ಕಿ, ಇವತ್ತಿಗೂ ಅದನ್ನು ವರ್ಷಕ್ಕೊಮ್ಮೆ, ಅದೇ ಏಪ್ರಿಲ್ ಮೂವತ್ತರಂದು, ಮೈದಾನದಲ್ಲಿ ಎಲ್ಲರೆದುರು ಹೊತ್ತು ತರುವುದು. ನಮ್ಮ ಕೋಣೆಯಲ್ಲಿ ಇರುವುದು ಅದರ ಪ್ಲಾಸ್ಟರಿನ ನಕಲು, ಅಪ್ಪನ ಗೆಳೆಯ ಟೆಲೆಸ್ ಮಾಮ ಮಾಡಿಕೊಟ್ಟದ್ದು, ಹೆಬ್ಬೆರಳು ಕೊಂಚ ದಪ್ಪವಾಗಿದೆ ಎಂದೂ ಹೇಳಿದೆ. "ಸೋತ ದಿನವನ್ನು ಹಬ್ಬ ಮಾಡುವವರು ನಾವು" ಎಂದಾಗ ನೀವು ಥಟ್ಟನೆ, "ನಮ್ಮೂರಿನ ಫುಟ್‌ಬಾಲ್ ನೋಡೋರೂ ಅದನ್ನೇ ಮಾಡ್ತಾರೆ, ಪ್ರತಿ ಶನಿವಾರ" ಎಂದಿರಿ. ನಾನು ನಿಜವಾಗಿಯೂ ನಕ್ಕೆ. ನೀವು ನನಗೆ ಇಷ್ಟವಾಗಿದ್ದಿರಿ, ಅಕ್ಕ. ಅದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ.

ಗೋಡೆಯ ಮೇಲಿನ ಪ್ರತಿಜ್ಞೆಯ ಹಲಗೆಯ ಮುಂದೆ ನೀವು ಬಹಳ ಹೊತ್ತು ನಿಂತಿರಿ. ನಮ್ಮ ಸತ್ತವರನ್ನು ಬಿಟ್ಟು ಬರುವುದಿಲ್ಲ, ಗಾಯಗೊಂಡವರನ್ನು ಬಿಟ್ಟು ಬರುವುದಿಲ್ಲ, ನಮ್ಮ ಆಯುಧಗಳನ್ನು ಬಿಟ್ಟು ಬರುವುದಿಲ್ಲ. ನಾನು ಅರ್ಥ ಹೇಳಿದೆ. "ಮಕ್ಕಳ ವಿಷಯ ಏನಾದ್ರೂ ಬರೆದಿದ್ದಾರಾ?" ಎಂದು ಕೇಳಿದಿರಿ. ಇದೂ ಫುಟ್‌ಬಾಲಿನಂಥದ್ದೇ ಇನ್ನೊಂದು ತಮಾಷೆ ಎಂದುಕೊಂಡು ಅದಕ್ಕೂ ನಕ್ಕೆ.

ಆಮೇಲೆ ಹೆಸರಿನ ವಿಷಯಕ್ಕೆ ಬಂದೆ. ನನ್ನ ವಿವರಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು. ಲೀಜನ್ನಿಗೆ ಸೇರುವವನು ತನ್ನ ಹೆಸರನ್ನು ಬಾಗಿಲಲ್ಲೇ ಬಿಟ್ಟು ಬರಬಹುದು, ಹೊಸ ಹೆಸರು, ಹೊಸ ಹುಟ್ಟೂರು ಕೊಡುತ್ತಾರೆ, ಹಿಂದಿನದನ್ನು ಜೊತೆಯವರು ಯಾರೂ ಕೇಳಬಾರದು. ಯಾರಾದರೂ ಹುಡುಕಿಕೊಂಡು ಬಂದರೆ ಬಾಗಿಲಲ್ಲಿ ಇದ್ದಾನೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಇಲ್ಲಿ ನಾನು ಯಾವಾಗಲೂ ಸ್ವಲ್ಪ ತಡೆಯುತ್ತೇನೆ. ಜನ ಎಂಥ ಕಲ್ಲುಮನಸ್ಸು ಎನ್ನುವ ಹಾಗೆ ನೋಡುತ್ತಾರೆ. ಆಗ ಉಳಿದರ್ಧ ಹೇಳುತ್ತೇನೆ. ಬಂದವರನ್ನು ಹೊರಗೆ ನಿಲ್ಲಿಸಿ, ಒಳಗೆ ಹೋಗಿ, ಆ ಮನುಷ್ಯನನ್ನು ಕರೆದು ಕೇಳುತ್ತಾರೆ: ನಿನ್ನನ್ನು ಹುಡುಕಿಕೊಂಡು ಒಬ್ಬರು ಬಂದಿದ್ದಾರೆ, ನೋಡುತ್ತೀಯಾ? ಅವನು ಒಲ್ಲೆ ಎಂದರೆ ಮುಗಿಯಿತು. ಹೂಂ ಎಂದರೆ ಬಾಗಿಲು ತೆಗೆಯುತ್ತಾರೆ. ಉತ್ತರ ಯಾವಾಗಲೂ ಅವನದು, ಬಾಗಿಲಲ್ಲಿ ನಿಂತವನದಲ್ಲ. ಇಷ್ಟು ಹೇಳಿದಾಗ ಕೇಳಿದವರ ಮುಖ ಸಡಿಲವಾಗುತ್ತದೆ. ನಿಮ್ಮ ಮುಖವೂ ಸಡಿಲವಾಯಿತು. ನೀವು ಚೀಲದಿಂದ ಫೋಟೋ ತೆಗೆದು, ಅಪ್ಪನ ಹೆಸರು ಹೇಳಿದಿರಿ.

ಆ ಫೋಟೋದ ವ್ಯಕ್ತಿಗೆ ಇಪ್ಪತ್ತೆರಡು ವರ್ಷ. ನಾನು ಕಂಡ ಅಪ್ಪನಿಗೆ ನಲವತ್ತು ದಾಟಿತ್ತು. ಆದರೂ ಒಂದು ಗಳಿಗೆಯ ಅನುಮಾನವೂ ನನಗೆ ಉಳಿಯಲಿಲ್ಲ. ಅವರ ಎಡಗಿವಿಯ ಮೇಲ್ತುದಿ ಪುಸ್ತಕದ ಹಾಳೆ ಮಡಚಿದ ಹಾಗೆ ಒಳಕ್ಕೆ ಮಡಚಿಕೊಂಡಿದೆ. ನನ್ನದೂ ಹಾಗೇ ಇದೆ. ತಲೆಯೆತ್ತಿ ನೋಡಿದರೆ, ಕೂದಲನ್ನು ಗಂಡಸರಂತೆ ಗಿಡ್ಡ ಕತ್ತರಿಸಿಕೊಂಡಿದ್ದ ನಿಮ್ಮ ಕಿವಿಯೂ ಹಾಗೇ ಇತ್ತು. ನಾನು ಆಗ ಏನು ಮಾಡಿದೆ ಗೊತ್ತೇ? ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡೆ. ಇನ್ನೂ ಬಾಯಿ ತೆರೆದಿರಲಿಲ್ಲ, ಏನು ಹೇಳಬೇಕೆಂದು ಯೋಚಿಸಿಯೂ ಇರಲಿಲ್ಲ, ಅಷ್ಟರಲ್ಲೇ ಕೈ ತನ್ನ ಕೆಲಸ ಮುಗಿಸಿತ್ತು. ಗಾಬರಿಯಲ್ಲಿ ಸುಳ್ಳು ಬಾಯಿಗೆ ಬಂತು ಎಂದು ನನಗೆ ನಾನೇ ಹಲವು ಸಲ ಹೇಳಿಕೊಂಡಿದ್ದೇನೆ. ಕೂದಲು ಎಳೆದುಕೊಂಡದ್ದು ನೆನಪಾದಾಗಲೆಲ್ಲ ಆ ಸಮಾಧಾನ ನಿಲ್ಲುವುದಿಲ್ಲ.

"ಅಮ್ಮ ಜನವರಿಯಲ್ಲಿ ತೀರಿಕೊಂಡ್ರು" ಎಂದಿರಿ. ಅವರ ಪೆಟ್ಟಿಗೆಯಲ್ಲಿ ಲೀಜನ್ನಿನ ಬಿಳಿ ಟೋಪಿಯ ಸೈನಿಕರ ಚಿತ್ರವಿದ್ದ ಒಂದು ಅಂಚೆ ಕಾರ್ಡು ಸಿಕ್ಕಿತು, ಮಾರ್ಸೇಯಿಂದ ಬಂದದ್ದು, ಕೆಳಗೆ ಹೆಸರಿಲ್ಲ, ಚೆನ್ನಾಗಿದ್ದೇನೆ ಹುಡುಕಬೇಡಿ ಎಂದಷ್ಟೇ ಇತ್ತು ಎಂದಿರಿ. ನಾನು ಫೋಟೋವನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನೋಡಿದ ಹಾಗೆ ನಟಿಸಿ, "ಕ್ಷಮಿಸಿ, ಇವರನ್ನು ಕಂಡ ನೆನಪಿಲ್ಲ. ಇಲ್ಲಿ ಸಾವಿರಾರು ಜನ ಬಂದುಹೋಗಿದ್ದಾರೆ. ಹಿಂದಿನದನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ" ಎಂದೆ. ನೀವು ಮೆಲ್ಲಗೆ, "ಒಳಗೆ ಹೋಗಿ ಅವರನ್ನೇ ಕೇಳ್ತಾರೆ ಅಂದ್ರಲ್ಲಾ" ಎಂದಿರಿ. ಅದಕ್ಕೆ ನಾನು, "ಇದ್ದರೆ ತಾನೆ ಕೇಳುವುದು?" ಎಂದೆ.

ಆ ಹೊತ್ತಿನಲ್ಲಿ ಅಪ್ಪ ನಮ್ಮಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಮೈದಾನದಾಚೆಯ ಮರದ ಕೆಳಗೆ, ಪದಕಗಳನ್ನು ತೊಟ್ಟು, ಟೆಲೆಸ್ ಮಾಮನ ಜೊತೆ ವೈನ್ ಕುಡಿಯುತ್ತಾ ಕೂತಿದ್ದರು. ನೀವು ಹೊರಗೆ ಹೋಗುವಾಗ ಅವರ ಬೆನ್ನ ಹಿಂದಿನಿಂದಲೇ ಹಾದು ಹೋದಿರಿ. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಹೋಗುವ ಮುಂಚೆ ನೀವು ಬಾಗಿಲ ಬಳಿಯಿದ್ದ ಪುಸ್ತಕದಲ್ಲಿ ಹೆಸರು, ವಿಳಾಸ ಬರೆದು, ಕೆಳಗೆ "ಮಾರ್ಗದರ್ಶಿ ತುಂಬಾ ಕರುಣೆಯಿಂದ ವಿವರಿಸಿದರು, ಧನ್ಯವಾದ" ಎಂದು ಸೇರಿಸಿದ್ದಿರಿ. ಸಂಜೆ ಬೀಗ ಹಾಕುವಾಗ ಅದನ್ನು ಓದಿದೆ. ಆ ಹಾಳೆಯನ್ನು ಹರಿದು ತೆಗೆದೆ. ಸಂಘದ ಕಾರ್ಯದರ್ಶಿ ಎಂದಾದರೂ ತಿರುವಿ ನೋಡಿ, ಡಂಡೀಯಿಂದ ಬಂದ ಈ ಗಿಲ್ಮರ್ ಯಾರು ಎಂದು ಅಪ್ಪನೆದುರು ಕೇಳಿದರೆ ಎಂಬ ಭಯ. ಹರಿದದ್ದನ್ನು ಎಸೆಯಲೂ ಆಗಲಿಲ್ಲ. ಹಾಗಾಗಿ ಈ ಕಾಗದಕ್ಕೆ ವಿಳಾಸ ಸಿಕ್ಕಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ, ಸಿಕ್ಕ ಉತ್ತರ ಯಾವುದೂ ದೊಡ್ಡದಲ್ಲ. ನನ್ನ ಅಮ್ಮ ಒದೀಲ್ ಆರು ವರ್ಷದ ಹಿಂದೆ ತೀರಿಹೋದರು. ನಮ್ಮ ಮನೆಯಲ್ಲಿ ಮದುವೆಯ ಫೋಟೋ ಇರಲಿಲ್ಲ. ಚಿಕ್ಕವಳಿದ್ದಾಗ ಕೇಳಿದರೆ ಅಮ್ಮ, "ನಿಮ್ಮಪ್ಪನಿಗೆ ಮೆರವಣಿಗೆ ಮಾಡಿ ಮಾಡಿ ಸಾಕಾಗಿದೆ ಕಣೇ, ಇನ್ನೊಂದು ಬೇಡ ಅಂದ್ರು" ಎನ್ನುತ್ತಿದ್ದರು. ಅಪ್ಪ ಬೆಲ್ಜಿಯಂನ ಕಲ್ಲಿದ್ದಲ ಊರಿನವರು, ಹೆಸರು ಆಂದ್ರೆ ಗಾರ್ನಿಯೆ, ಹಿಂದೆಮುಂದೆ ಯಾರೂ ಇಲ್ಲ, ಇದು ನನಗೆ ಗೊತ್ತಿದ್ದ ಕಥೆ. ನಿಮ್ಮ ಫೋಟೋ ನೋಡಿದ ಕ್ಷಣ ಮದುವೆ ಯಾಕೆ ಆಗಲಿಲ್ಲ ಎಂದು ತಿಳಿಯಿತು. ನನ್ನ ಹೆಸರಿನ ಹಿಂದಿರುವ ಗಾರ್ನಿಯೆ ಯಾವ ಮನೆತನದ್ದೂ ಅಲ್ಲ, ಲೀಜನ್ನಿಗೆ ಸೇರಿಸಿಕೊಳ್ಳುವ ಕೋಟೆಯ ಯಾವನೋ ಗುಮಾಸ್ತ ಎ ಮತ್ತು ಜಿ ಅಕ್ಷರಕ್ಕೆ ಹೊಂದುವಂತೆ ಆರಿಸಿ ಬರೆದದ್ದು ಎಂದೂ ತಿಳಿಯಿತು. ಇವೆಲ್ಲ ನಿಜ. ಆದರೆ ಅದಕ್ಕಿಂತ ಸಣ್ಣ ಮಾತೊಂದಿದೆ. ನಲವತ್ತಮೂರು ವರ್ಷ ನಾನು ಅವರ ಒಬ್ಬಳೇ ಮಗಳಾಗಿದ್ದೆ. ಅದನ್ನು ಹಂಚಿಕೊಳ್ಳಲು ಮನಸ್ಸು ಬರಲಿಲ್ಲ. ಮಧ್ಯವಯಸ್ಸಿನ ಹೆಂಗಸು ಹೀಗೆ ಬರೆಯಲು ನಾಚಿಕೆಯಾಗುತ್ತದೆ.

ಇನ್ನೊಂದು ವಿಷಯ ನಿಮಗೆ ಸೇರಬೇಕಾದದ್ದು. ನನ್ನನ್ನು ಊರಿನ ಎಲ್ಲ ಮಕ್ಕಳ ಜೊತೆ ಹಾಕದೆ, ದಿನಾ ಒಂದು ಗಂಟೆಯ ಬಸ್ಸಿನ ದಾರಿಯ, ಎಲ್ಲ ಪಾಠವೂ ಇಂಗ್ಲಿಷಿನಲ್ಲೇ ನಡೆಯುವ ಶಾಲೆಗೆ ಹಾಕಿದ್ದು ಅಪ್ಪ. ಅಮ್ಮನಿಗೆ ಅದು ಅರ್ಥವೇ ಆಗಲಿಲ್ಲ. ಅಪ್ಪ ಒಂದು ದಿನವೂ ನನ್ನ ಜೊತೆ ಇಂಗ್ಲಿಷ್ ಮಾತಾಡಿದವರಲ್ಲ, ಬರುವುದಿಲ್ಲ ಎನ್ನುತ್ತಿದ್ದರು. ಸಂಜೆ ಮೇಜಿನ ಆಚೆ ಬದಿ ಕೂತು ಪಾಠವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಓದುವುದಕ್ಕೆ ಅರೆಗಳಿಗೆ ಮುಂಚೆ ಅವರ ತುಟಿ ಅಲುಗುತ್ತಿತ್ತು. ನನಗಾಗಿ ಓದಿಸುತ್ತಿದ್ದಾರೆ ಎಂದು ಹೆಮ್ಮೆಪಡುತ್ತಿದ್ದೆ. ಅವರು ಆಗ ಯಾರ ಓದನ್ನು ಕೇಳುತ್ತಿದ್ದರೋ, ಈಗ ಅನುಮಾನ.

ಟೆಲೆಸ್ ಮಾಮನ ಬಗ್ಗೆ ಹೇಳಬೇಕು. ಪೋರ್ಚುಗಲ್‌ನವರು, ಅಪ್ಪನ ಜೊತೆ ಆಫ್ರಿಕಾದ ಚಾಡ್‌ನಲ್ಲೂ ಜಿಬೂಟಿಯಲ್ಲೂ ಇದ್ದವರು. ಅಮ್ಮ ಹೋದ ಮೇಲೆ ಅಪ್ಪ ಸೇಂತ್ ವಿಕ್ತ್ವಾರ್ ಬೆಟ್ಟದ ಬುಡದಲ್ಲಿರುವ, ಲೀಜನ್ನಿನ ವಯಸ್ಸಾದವರ ಮನೆಗೆ ಹೋಗಿ ಸೇರಿದರು. ಟೆಲೆಸ್ ಮಾಮ ಮೊದಲೇ ಅಲ್ಲಿದ್ದರು. ಅಪ್ಪ ದ್ರಾಕ್ಷಿ ತೋಟದ ಕೆಲಸ ಮಾಡುತ್ತಾರೆ, ಅವರು ಮಣ್ಣಿನ ಬೊಂಬೆ ಮಾಡುತ್ತಾರೆ. ನೀವು ಬಂದುಹೋದ ಮುಂದಿನ ಭಾನುವಾರ ನಾನು ಹೋದಾಗ ಬೊಂಬೆಗೆ ಬಣ್ಣ ಹಚ್ಚುತ್ತಾ, ತಲೆಯೆತ್ತದೆ, "ಏನೇ ಹುಡುಗಿ, ಮಂಗಳವಾರ ನಿನ್ನ ಕೋಣೆಯಿಂದ ಬಂದು ನಮ್ಮ ಹಿಂದೇನೇ ಹಾದುಹೋದ ಆ ಕುಂಟುಕಾಲಿನವಳು ಯಾರೇ?" ಎಂದರು. ಯಾರೋ ಪ್ರವಾಸಿ ಎಂದೆ. "ಓಹೋ. ಪ್ರವಾಸಿ ತಲೆಗೆ ನಿಮ್ಮಪ್ಪನ ಕಿವಿ ಯಾರು ಅಂಟಿಸಿದ್ರಂತೆ?" ಎಂದರು. ಆಗ ಕುಂಚ ಕೆಳಗಿಟ್ಟು, "ಅವನನ್ನ ಕೇಳಿದ್ಯಾ?" ಎಂದರು. ಇಲ್ಲ ಎಂದು ತಲೆಯಾಡಿಸಿದೆ. "ನೋಡು, ನಾನೂ ಎರಡು ವರ್ಷ ಗೇಟಲ್ಲಿ ಕಾವಲಿದ್ದೋನು. ಕುಡಿದು ಬಿದ್ದಿದ್ದೀನಿ, ಸಾರ್ಜೆಂಟ್‌ಗೆ ಬೈದು ಜೈಲಲ್ಲಿ ಮಲಗಿದ್ದೀನಿ. ಎಷ್ಟೋ ತಾಯಂದಿರು ಬಂದು ಅತ್ತಿದ್ದಾರೆ, ಗೊತ್ತಿಲ್ಲ ಅಂತ ಮುಖ ಗಂಟು ಹಾಕ್ಕೊಂಡು ನಿಂತಿದ್ದೀನಿ. ಆದ್ರೆ ಒಳಗೆ ಹೋಗಿ ಕೇಳದೆ ಒಬ್ಬರನ್ನೂ ವಾಪಸ್ ಕಳ್ಸಿಲ್ಲ ಕಣೇ. ಒಬ್ಬರನ್ನೂ." ನೀವೇ ಹೇಳಿಬಿಡಿ ಮಾಮ ಎಂದು ಗೋಗರೆದೆ. "ಬಾಗಿಲಲ್ಲಿ ನಿಂತಿದ್ದೋಳು ನೀನು. ನೀನೇ ಹೋಗಿ ಕೇಳು" ಎಂದು ಮತ್ತೆ ಕುಂಚ ಎತ್ತಿಕೊಂಡರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ನನ್ನನ್ನು ಕಂಡೊಡನೆ ಅವರು ಅನ್ನುತ್ತಿದ್ದದ್ದು ಒಂದೇ ಮಾತು, "ಕೇಳಿದ್ಯಾ?" ನನ್ನದೂ ಒಂದೇ ಉತ್ತರ, ಮುಂದಿನ ವಾರ. ಬೇಸಿಗೆ ಹೋಯಿತು, ದ್ರಾಕ್ಷಿ ಕೊಯ್ಲೂ ಮುಗಿಯಿತು. ಅಕ್ಟೋಬರಿನಲ್ಲಿ ಅಪ್ಪ ತೋಟದಲ್ಲಿ ಕುಸಿದು ಬಿದ್ದರು. ಹೃದಯ ಬಹಳ ದುರ್ಬಲವಾಗಿದೆ ಎಂದರು ವೈದ್ಯರು. ನಿಜ ಹೇಳುತ್ತೇನೆ, ಆಸ್ಪತ್ರೆಯ ಮೊಗಸಾಲೆಯಲ್ಲಿ ನನಗೆ ದುಃಖದ ಜೊತೆ ಒಂದು ಬಗೆಯ ಬಿಡುಗಡೆಯೂ ಅನ್ನಿಸಿತು. ಇನ್ನು ಹೇಳುವ ಹಾಗಿಲ್ಲ, ಹೇಳದಿರುವುದೇ ಮಗಳ ಕರ್ತವ್ಯ ಎಂದು ಮನಸ್ಸು ಆಗಲೇ ವಾದ ಹೂಡಿತ್ತು. ಟೆಲೆಸ್ ಮಾಮನಿಗೂ ಅದನ್ನೇ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಾಡ್‌ನಲ್ಲಿ ಹೊಟ್ಟೆಗೆ ಗುಂಡು ತಿಂದು, ಮೂರು ದಿನ ನನ್ನ ಹಾಳು ಹಾಡು ಕೇಳ್ಕೊಂಡು ಬದುಕಿ ಬಂದೋನು ಅವನು. ನಿನ್ನ ಮಾತಿಗೆ ಸಾಯ್ತಾನಾ? ಅವನ ಎದೆ ನೆಪ ಮಾಡ್ಕೋಬೇಡ" ಎಂದರು.

ಡಿಸೆಂಬರ್ ಒಂದನೇ ತಾರೀಖು, ಭಾನುವಾರ ಬೆಳಿಗ್ಗೆ, ಹೇಳಿದೆ. ಅಪ್ಪ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಲೀಜನ್ನಿನವರ ಅಂಗಿಯ ಮಡಿಕೆ ಪ್ರತಿಯೊಂದೂ ಅಳೆದ ಹಾಗಿರಬೇಕು. ಸೈನ್ಯ ಬಿಟ್ಟು ನಲವತ್ತು ವರ್ಷವಾಗುತ್ತ ಬಂದರೂ ಬೇರೆಯವರಿಗೆ ಕೊಡುವುದಿಲ್ಲ. ನಾನು ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ, ಕೂದಲು ಎಳೆದುಕೊಂಡದ್ದನ್ನೂ ಬಿಡದೆ. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿ, ಗೋಡೆಯ ಕಡೆ ನೋಡುತ್ತಾ ಒಂದೊಂದೇ ಕೇಳಿದರು. "ಯಾವತ್ತು ಬಂದಿದ್ದು?" ಏಪ್ರಿಲ್ ಮೂವತ್ತು. "ನಾನೆಲ್ಲಿದ್ದೆ ಆಗ?" ಮರದ ಕೆಳಗೆ, ಮಾಮನ ಜೊತೆ. "ನನ್ನನ್ನ ಕೇಳ್ತಾರಾ ಅಂತ ಅವಳು ಕೇಳಿದ್ಳಾ?" ಹೂಂ, ಕೇಳಿದರು ಎಂದೆ. "ನೀನೇನಂದೆ?" ಇದ್ದರೆ ತಾನೆ ಕೇಳುವುದು, ಅಂದೆ. ಅವರು ನನ್ನ ಕಡೆ ತಿರುಗಿ, "ನೀನು ನನ್ನ ಮಗಳೇ. ಅನುಮಾನವೇ ಇಲ್ಲ" ಎಂದರು. ಅವರ ಬಾಯಿಂದ ಈ ಮಾತು ಕೇಳಬೇಕೆಂದು ಬದುಕಿಡೀ ಆಸೆಪಟ್ಟಿದ್ದೆ. ಅದು ಬಂದದ್ದು ಹೀಗೆ.

ಆಮೇಲೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದರು. ಹುಟ್ಟಿದ ಮೇಲೆ ಮೊದಲ ಸಲ ಅವರ ಇಂಗ್ಲಿಷ್ ಕೇಳಿದೆ, ಅಕ್ಕ. ಥೇಟು ನಿಮ್ಮ ಹಾಗೇ ಮಾತಾಡುತ್ತಾರೆ, ನಿಮ್ಮ ಏರಿಳಿತವೇ. ಸೆಣಬಿನ ಗಿರಣಿಯಲ್ಲಿ ಕೆಲಸ ಹೋಯಿತು, ಲಂಡನ್ನಿಗೆ ಹೋಗಿ ಹುಡುಕಿ ಬರುತ್ತೇನೆ ಎಂದು ನಿಮ್ಮ ಅಮ್ಮನಿಗೆ ಹೇಳಿ ಹೊರಟರಂತೆ. ಲಂಡನ್ನಿನಲ್ಲಿ ಕೆಲಸ ಸಿಕ್ಕಿತಂತೆ ಕೂಡ. ಒಂದು ಶುಕ್ರವಾರ ಊರಿನ ರೈಲು ಹತ್ತುವ ಬದಲು ಫ್ರಾನ್ಸಿನ ಹಡಗಿಗೆ ಒಯ್ಯುವ ರೈಲು ಹತ್ತಿದರಂತೆ. "ಜಗಳ ಇರ್ಲಿಲ್ಲ. ಕುಡೀತಾ ಇರ್ಲಿಲ್ಲ. ಇನ್ನೊಬ್ಬಳೂ ಇರ್ಲಿಲ್ಲ. ಏನಾದ್ರೂ ಒಂದು ಕಾರಣ ಇದ್ದಿದ್ರೆ ಯಾವತ್ತೋ ಕಾಗದ ಬರೀತಿದ್ದೆ. ಕಾರಣಾನೇ ಇಲ್ಲ ಅಂತ ಹೇಗೆ ಬರೆಯೋದು?" ಎಂದರು. ಇದನ್ನು ನಾನು ಬಣ್ಣ ಹಚ್ಚದೆ, ಅವರು ಹೇಳಿದ ಹಾಗೇ ಬರೆದಿದ್ದೇನೆ. ನಿಮ್ಮ ಅಮ್ಮ ತೀರಿಕೊಂಡ ವಿಷಯ ಹೇಳಿದಾಗ, "ಇಸೊಬೆಲ್" ಎಂದು ಒಂದು ಸಲ ಹೆಸರು ಹೇಳಿದರು, ಅಷ್ಟೆ.

ನಾನು ಹರಿದ ಹಾಳೆಯನ್ನು ಚೀಲದಿಂದ ತೆಗೆದು ಮುಂದೆ ಹಿಡಿದೆ. ಅವರು ಕೈ ಚಾಚಿದವರು ತಡೆದು, "ಅದರಲ್ಲಿ ಅಡ್ರೆಸ್ ಇದೆಯಾ?" ಎಂದರು. ಇದೆ ಎಂದೆ. "ಹಾಗಾದ್ರೆ ಮಡಚಿ ಒಳಗಿಡು. ನಾನು ನೋಡಲ್ಲ" ಎಂದು ಮುಖ ತಿರುಗಿಸಿಕೊಂಡರು. ಅದೇ ಅವರ ಉತ್ತರ ಎಂದುಕೊಂಡೆ. ಒಲ್ಲೆ ಎಂದಿದ್ದಾರೆ, ಅಂತೂ ಕೇಳಿದ್ದಾಯಿತು, ಇನ್ನು ತಪ್ಪು ನನ್ನದಲ್ಲ ಎಂದು ಬಸ್ಸಿನಲ್ಲಿ ಕೂತು ಹಗುರಾದೆ. ನಾನು ಎಂಥವಳು ಎಂದು ನಿಮಗೆ ಪೂರ್ತಿ ಗೊತ್ತಿರಲಿ ಎಂದು ಇದನ್ನೂ ಬರೆಯುತ್ತಿದ್ದೇನೆ.

ಮೂರು ವಾರ ಅವರು ನನ್ನೊಡನೆ ಹವೆಯ ಬಗ್ಗೆ, ಬಳ್ಳಿ ಕತ್ತರಿಸುವ ಬಗ್ಗೆ ಬಿಟ್ಟು ಬೇರೇನೂ ಆಡಲಿಲ್ಲ. ಕ್ರಿಸ್‌ಮಸ್ ಬಂತು. ಲೀಜನ್ನಿನಲ್ಲಿ ಅದು ಮನೆಯ ಹಬ್ಬ. ಅಧಿಕಾರಿಗಳು ತಮ್ಮ ಹೆಂಡತಿ ಮಕ್ಕಳನ್ನು ಬಿಟ್ಟು ಅವತ್ತು ಸೈನಿಕರ ಜೊತೆ ಊಟಕ್ಕೆ ಕೂರುತ್ತಾರೆ, ಮನೆಯಿಲ್ಲದವರಿಗೆ ಮನೆಯವರಾಗಿ. ಪ್ರತಿ ತುಕಡಿಯೂ ಯೇಸು ಹುಟ್ಟಿದ ಕೊಟ್ಟಿಗೆಯನ್ನು ತನಗೆ ತೋಚಿದ ರೀತಿಯಲ್ಲಿ ಕಟ್ಟುತ್ತದೆ, ಮುಗಿಯುವ ತನಕ ಪರದೆ ಎಳೆದಿರುತ್ತಾರೆ. ವಯಸ್ಸಾದವರ ಮನೆಯಲ್ಲೂ ಕಟ್ಟುತ್ತಾರೆ. ಕಟ್ಟುವುದು ಅಪ್ಪ, ಬೊಂಬೆ ಟೆಲೆಸ್ ಮಾಮನದು. ಪ್ರತಿ ವರ್ಷ ಅದೇ ಚಾಡ್‌ನ ಮರಳು, ಎರಡು ಒಂಟೆ, ಒಂದು ಬಾವಿ. ಇಪ್ಪತ್ತನಾಲ್ಕರ ಮಧ್ಯಾಹ್ನ ಊಟದ ಮುಂಚೆ ಪರದೆ ಸರಿಸಿದಾಗ ಎಲ್ಲರೂ ಹತ್ತಿರಕ್ಕೆ ಬಾಗಿ ನೋಡಿದರು. ಮರಳಿರಲಿಲ್ಲ. ಕಪ್ಪು ಬೂದು ಬಣ್ಣದ ನಾಲ್ಕಂತಸ್ತಿನ ಕಲ್ಲಿನ ಮನೆಗಳು, ಹಿಂಭಾಗದಲ್ಲಿ ಸುತ್ತಿ ಸುತ್ತಿ ಏರುವ ಮೆಟ್ಟಿಲು, ಬಟ್ಟೆ ಒಣಹಾಕಿದ ಹಗ್ಗಗಳು, ಆಚೆ ಗಿರಣಿಯ ಚಿಮಣಿ, ಅಂಗಳದ ಕಲ್ಲಿದ್ದಲ ಗೂಡಿನೊಳಗೆ ಮಗು ಯೇಸು. ಯಾರೋ, "ಏನಪ್ಪಾ ಗಾರ್ನಿಯೆ, ಇದ್ಯಾವ ಊರು? ಇಷ್ಟೊಂದು ಮಸಿ!" ಎಂದರು. "ನಮ್ಮೂರು" ಎಂದರು ಅಪ್ಪ. "ಬೆಲ್ಜಿಯಮ್ಮಾ?" "ಅಲ್ಲ. ಡಂಡೀ. ಸ್ಕಾಟ್ಲೆಂಡ್. ನನ್ನ ಹೆಸರು ಅಲೆಕ್ ಗಿಲ್ಮರ್." ಆಗ ಟೆಲೆಸ್ ಮಾಮ, "ನೀನು ಬೆಲ್ಜಿಯಂನವನಲ್ಲ ಅಂತ ಐವತ್ತು ವರ್ಷದಿಂದ ಗೊತ್ತು ಕಣೋ. ಬೆಲ್ಜಿಯಂನವರಿಗೆ ಅಡುಗೆ ಬರುತ್ತೆ" ಎಂದರು. ಇಡೀ ಊಟದ ಮನೆ ನಕ್ಕಿತು. ಅಪ್ಪನೂ ನಕ್ಕರು, ಕಣ್ಣೊರೆಸಿಕೊಳ್ಳುತ್ತಾ.

ಟೆಲೆಸ್ ಮಾಮ ಒಂದು ಪುಟ್ಟ ಹುಡುಗಿಯ ಬೊಂಬೆಯನ್ನೂ ಮಾಡಿದ್ದರು, ಹಸಿರು ಕೋಟಿನದು. ಅದು ಕಿಟಕಿಯಲ್ಲಿಯೂ ಇರಲಿಲ್ಲ, ಅಂಗಳದಲ್ಲಿಯೂ ಇರಲಿಲ್ಲ. ಎಲ್ಲಿಡಬೇಕೆಂದು ತಿಳಿಯಲಿಲ್ಲ ಎಂದು ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡಿದ್ದರು. ನಾನು ಹೊರಡುವ ಮುಂಚೆ ತೆಗೆದು ತೋರಿಸಿದರು. ನಿಮಗೆ ಹಸಿರು ಕೋಟು ಇತ್ತೇ?

ಕ್ಷಮೆ ಕೇಳಬೇಕೆಂದು ಈ ಕಾಗದ ಶುರು ಮಾಡಿದೆ. ಬರೆಯುತ್ತಾ ಬಂದಂತೆ ಕೇಳುವ ಧೈರ್ಯ ಕಡಿಮೆಯಾಗಿದೆ. ಕರುಣೆಯಿಂದ ವಿವರಿಸಿದರು ಎಂದು ನೀವು ಬರೆದ ಆ ಸಾಲನ್ನು ಮಾತ್ರ ಮನಸ್ಸಿನಲ್ಲಿಯೇ ಹೊಡೆದುಹಾಕಿಬಿಡಿ, ಅಷ್ಟು ಸಾಕು. ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಇರುವವರಿಗೆಲ್ಲ ನನ್ನ ನಮಸ್ಕಾರ. ಹೊಸ ವರ್ಷ ನಿಮಗೆ ಒಳಿತನ್ನು ತರಲಿ, ಮೊಣಕಾಲಿನ ನೋವು ಇಳಿಯಲಿ.

ನಿಮ್ಮ ತಂಗಿ ಎಂದು ಬರೆಯಲು ಹೋಗಿ ನಿಲ್ಲಿಸಿದ್ದೇನೆ,
ಸೆವರೀನ್

ಮರೆತೆನೆಂದಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿಕೊಂಡದ್ದು: ಅಂಚೆಗೆ ಹೊತ್ತಾಯಿತು, ಬೇಗ ಹೇಳುತ್ತೇನೆ. ಅಪ್ಪನ ಉತ್ತರ ನನಗೆ ತಪ್ಪಾಗಿ ಅರ್ಥವಾಗಿತ್ತು. ಕ್ರಿಸ್‌ಮಸ್ ಊಟ ಮುಗಿದು ನಾನು ಹೊರಟಾಗ ಬಾಗಿಲ ತನಕ ಬಂದು, "ನನ್ನನ್ನ ಕೇಳಿದ್ದಾಯ್ತು, ನಾನು ಹೂಂ ಅಂತೀನಿ. ಆದ್ರೆ ಅವರನ್ನ ಬಿಟ್ಟು ಬಂದು 'ಹುಡುಕಬೇಡಿ' ಅಂದೋನು ನಾನು. ಈಗ ಬಾಗಿಲ ಹೊರಗೆ ನಿಂತಿರೋನೂ ನಾನೇ. ಒಳಗಿರೋಳು ಅವಳು. ಮೊದ್ಲು ಅವಳನ್ನ ಕೇಳು. ಒಲ್ಲೆ ಅಂದ್ರೆ ಅವಳೆಲ್ಲಿದ್ದಾಳೆ ಅಂತ ನನಗೆ ಹೇಳ್ಬೇಡ" ಎಂದರು. ಅವರು ಹಾಳೆ ನೋಡದೇ ಇದ್ದದ್ದು ಇದಕ್ಕೆ. ನಿಮ್ಮ ವಿಳಾಸ ಇವತ್ತಿಗೂ ನನ್ನ ಚೀಲದಲ್ಲೇ ಇದೆ. ಚಳಿಗಾಲ ದಾಟುವುದು ಕಷ್ಟ ಎಂದು ವೈದ್ಯರು ಹೇಳಿರುವುದನ್ನು ನಿಮಗೆ ತಿಳಿಸಬಾರದು, ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದಾರೆ. ತಿಳಿಸಿದ್ದೇನೆ. ನಿಮಗೆ ಗೊತ್ತಿರಬೇಕಾದದ್ದನ್ನು ಇನ್ನೊಂದು ಸಲ ಮುಚ್ಚಿಡಲಾರೆ. ಹಾಗಾಗಿ ಇದು ಆ ಪ್ರಶ್ನೆ, ಅಕ್ಕ: ನಿಮ್ಮನ್ನು ಕೇಳಿಕೊಂಡು ಒಬ್ಬರು ಬಂದಿದ್ದಾರೆ, ನೋಡುತ್ತೀರಾ? ಒಂದೇ ಪದ ಬರೆದರೆ ಸಾಕು. ಅದು ಯಾವುದೇ ಆಗಿರಲಿ, ನಾನೇ ಬಾಗಿಲಿಗೆ ಹೋಗಿ ಅವರಿಗೆ ಹೇಳುತ್ತೇನೆ. ಈ ಸಲ ಕೇಳಿದ ಮೇಲೆ ಹೇಳುತ್ತೇನೆ.